ಹಳೆ ತಿಪ್ಪೆಯ ನಾಲ್ಕು ಸಾಲು

ದುಮ್ಮವಾಡ,
8 ಸೆಪ್ಟೆಂಬರ್ 2024

ಪ್ರೀತಿಯ ಅತ್ತೆಯವರಿಗೆ, ಸೊಸೆ ಶಾಂಭವಿ ಮಾಡುವ ಶರಣು.

ಮೊಣಕಾಲು ನೋವು ಹೇಗಿದೆ? ಅಣ್ಣಿಗೇರಿಯ ಮಗಳ ಮನೆಯ ಮೆಟ್ಟಿಲು ಕಡಿದಾಗಿವೆ, ಪದೇ ಪದೇ ಹತ್ತಿ ಇಳಿಯಬೇಡಿ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನಾದಿನಿಯ ಕೈಗೆ ಕೊಡುತ್ತೀರಿ. ಅದಕ್ಕೇ ಈ ಕಾಗದ ಬರೆದು ನಿಮ್ಮ ಮಗನ ಕೈಯಲ್ಲಿ ಕಳಿಸುತ್ತಿದ್ದೇನೆ.

ಆಲೂಗಡ್ಡೆ ಅಗೆದಾಯಿತು. ಬಿತ್ತುವ ದಿನ ನಡೆದದ್ದನ್ನು ನೀವು ಮರೆತಿರಲಿಕ್ಕಿಲ್ಲ. ಹಳೆ ತಿಪ್ಪೆಯ ಕಳಿತ ಗೊಬ್ಬರ ನಾಲ್ಕೇ ಸಾಲಿಗೆ ಸಾಕಾಯಿತು, ಉಳಿದ ಹೊಲಕ್ಕೆ ನಾನು ಹೊಸ ತಿಪ್ಪೆಗೆ ಕೈ ಹಾಕಿದೆ. "ಹಸಿ ಸಗಣಿ ಹಾಕಬ್ಯಾಡ ಯವ್ವಾ, ಬಟಾಟಿಗೆ ಕಜ್ಜಿ ಹತ್ತತೈತಿ" ಅಂದಿರಿ. ನಾನು ಬಾಜು ಹೊಲದ ಗಂಗಪ್ಪ ಕಾಕಾನ ಎದುರಿಗೇ "ನಿಮ್ಮ ಕಾಲ ಮುಗೀತ್ರಿ" ಅಂದುಬಿಟ್ಟೆ. ನೀವು ಆ ನಾಲ್ಕು ಸಾಲಿಗೆ ಬೀಜ ಊರಿ, ಕೈ ತೊಳೆದು, ಮರುದಿನ ಬಸ್ಸು ಹತ್ತಿದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ನಿಮ್ಮದೇ ಗಾದೆ.

ಜುಲೈ ಮುಗಿಯುವುದರೊಳಗೆ ನನ್ನ ಗಿಡ ತೊಡೆಯೆತ್ತರ ಬಂದವು. ಸಗಣಿ ಸಾಲದೆಂದು ಎರಡು ಸಲ ಯೂರಿಯಾ ಬೇರೆ ಚೆಲ್ಲಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ನಾನೂ ಸೆರಗು ಸಿಕ್ಕಿಸಿ ನಿಂತು ತೋರಿಸುತ್ತಿದ್ದೆ. ನಿಮ್ಮ ಸಾಲುಗಳು ಕುಳ್ಳಗಿದ್ದವು. ನೋಡಿ ನಕ್ಕಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಅಗೆದಾಗ ನನ್ನ ಗಿಡಗಳ ಬುಡದಲ್ಲಿ ಸಿಕ್ಕಿದ್ದು ನಿಂಬೆಕಾಯಿಯಷ್ಟು ಗಡ್ಡೆ, ಅದಕ್ಕೂ ಮೈತುಂಬ ಕಜ್ಜಿ. ಹುಬ್ಬಳ್ಳಿಯ ದಲಾಲ ಒಂದನ್ನು ಎತ್ತಿ ನೋಡಿ ಮತ್ತೆ ಚೀಲದಲ್ಲೇ ಹಾಕಿದನಂತೆ. "ಉಂಡದ್ದೆಲ್ಲಾ ಎಲಿಗೇ ಹೋಗೇತಿ" ಅಂದರು ಗಂಗಪ್ಪ ಕಾಕಾ. ಈಗ ದಿನಾಲೂ ಅದರ ಸಿಪ್ಪೆ ದಪ್ಪಗೆ ಹೆರೆದು ಪಲ್ಯ ಮಾಡುತ್ತೇನೆ. ನಿಮ್ಮ ಮಗ ಏನೂ ಅನ್ನದೆ ಉಣ್ಣುತ್ತಾರೆ. ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ನಾದಿನಿಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ. ಗುಳಿಗೆ ತಪ್ಪಿಸಬೇಡಿ.

ನಿಮ್ಮ ಸೊಸೆ,
ಶಾಂಭವಿ

ತಾ.ಕ.: ನಿಮ್ಮ ನಾಲ್ಕು ಸಾಲು ಇನ್ನೂ ಅಗೆದಿಲ್ಲ. "ಅವನ್ನೂ ತಗದಬಿಡೂಣು" ಅಂದರು ನಿಮ್ಮ ಮಗ, ನಾನೇ ಬೇಡವೆಂದೆ. ಒಂದೇ ಒಂದು ಬುಡಕ್ಕೆ ಕೈ ತೂರಿಸಿ ನೋಡಿದೆ, ಗಡ್ಡೆ ಮುಷ್ಟಿಯಲ್ಲಿ ಹಿಡಿಸಲಿಲ್ಲ. ಹಾಗೇ ಮಣ್ಣು ಮುಚ್ಚಿ ಬಂದೆ. ಮಳೆ ಹಿಡಿದರೆ ಕೊಳೆತುಹೋಗುತ್ತವೆ, ಗುರುವಾರದೊಳಗೆ ಬನ್ನಿ. ಗಂಗಪ್ಪ ಕಾಕಾನನ್ನೂ ಹೊಲಕ್ಕೆ ಕರೆದಿದ್ದೇನೆ. ಅವರ ಎದುರಿಗೆ ಆಡಿದ ಮಾತನ್ನು ಅವರ ಎದುರಿಗೇ ತಪ್ಪೆಂದು ಹೇಳಬೇಕು. ನೀವು ಮೊದಲ ಬುಡ ಕಿತ್ತು ಬದುವಿನ ಮೇಲೆ ಕುಳಿತುಬಿಡಿ, ಬುಟ್ಟಿ ನಾನು ಹೊರುತ್ತೇನೆ.