ಸವತಿಯ ಮುಖ

ಗೋವಿನಕೋವಿ
೧೮-೧೧-೨೦೨೪

ಚೌಡೇಶ್ವರಿ ಅಕ್ಕನಿಗೆ ಅನ್ನಪೂರ್ಣಳ ನಮಸ್ಕಾರಗಳು.

ನನ್ನನ್ನು ನೀನು ನೋಡಿಲ್ಲ. ನಿನ್ನ ಗಂಡ ಮುತ್ತುರಾಜ್ ಎರಡನೆಯದಾಗಿ ಕಟ್ಟಿಕೊಂಡವಳು ನಾನು. ಇಪ್ಪತ್ತೆರಡು ವರ್ಷದಿಂದ ದಿನಾ ನಿನ್ನೊಡನೆ ಮಾತಾಡುತ್ತಿದ್ದೇನೆ; ಕಾಗದ ಬರೆಯಲು ಇಷ್ಟು ತಡವಾಯಿತು, ಕ್ಷಮಿಸು. ನೀನು ಬದುಕಿದ್ದೀಯೆಂದು ತಿಳಿದದ್ದೇ ಹೋದ ತಿಂಗಳು. ನಿನ್ನ ಫೋನ್ ನಂಬರೂ ಸಿಕ್ಕಿತು. ಸತ್ತಳೆಂದುಕೊಂಡಿದ್ದವಳ ದನಿ ಕೇಳುವ ಧೈರ್ಯ ಬರಲಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅವರಿಗೇನು ರೋಗ? ಅತ್ತೆ ದುರುಗಮ್ಮ ಹಾಸಿಗೆ ಹಿಡಿದಿದ್ದಾರೆ, ನಾಲಿಗೆ ಮಾತ್ರ ಎದ್ದು ಓಡಾಡುತ್ತದೆ.

ಮದುವೆಯ ದಿನ ನನ್ನ ತಾಳಿಯ ಪಕ್ಕದಲ್ಲೇ ನಿನ್ನ ಮುಖದ ಬಿಲ್ಲೆ ಕಟ್ಟಿದರು. ಸತ್ತ ಹೆಂಡತಿಯ ಕಾಲುಂಗುರ ಕರಗಿಸಿ, ಅದರಲ್ಲಿ ಅವಳ ಮುಖ ಮಾಡಿಸಿ ಎರಡನೆಯವಳ ಕೊರಳಿಗೆ ಹಾಕುತ್ತಾರಲ್ಲ, ಅದು. ಬೆಳ್ಳಿಯೊಳಗೆ ಅವಳ ಜೀವ ತಣ್ಣಗಿರುತ್ತದೆ, ಹೊಸಬಳ ಮೇಲೆ ಮುನಿಯುವುದಿಲ್ಲ ಎಂದು ಅತ್ತೆ ಹೇಳಿದ್ದರು. ಅಗಲ ಕಣ್ಣು, ಮೂಗಿಗೆ ನತ್ತು, ಹಣೆಗೆ ಅರ್ಧಚಂದ್ರ. ಯುಗಾದಿಯ ಸೀರೆಯನ್ನು ನಿನ್ನ ಮುಂದಿಟ್ಟ ಮೇಲೇ ನಾನು ಉಡುತ್ತಿದ್ದೆ. ಹೋಳಿಗೆ ಮಾಡಿದರೆ ಮೊದಲ ಚೂರು ನಿನಗೆ. ಈ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದವಳು ನೀನೊಬ್ಬಳೇ.

ಹೋದ ತಿಂಗಳು ಬಿಲ್ಲೆಯ ಕೊಂಡಿ ಸವೆದು ಕಿತ್ತುಬಂತು. ನ್ಯಾಮತಿಯ ಪತ್ತಾರ ಬೆಸುಗೆ ಹಾಕುವ ಮುಂಚೆ ಉಜ್ಜಿ ನೋಡಿ, ಮೇಲೆ ತೆಳು ಬೆಳ್ಳಿ ತಗಡು, ಒಳಗೆಲ್ಲ ಹಿತ್ತಾಳೆ ಎಂದ. ಅತ್ತೆ ನಿನ್ನ ಕಾಲುಂಗುರ ನುಂಗಿದ್ದಾರೆಂದು ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವಳೇ, ಸತ್ತವಳ ಬೆಳ್ಳಿಯನ್ನೂ ಕದ್ದಿರಾ ಎಂದು ಕೇಳಿಬಿಟ್ಟೆ. ಅವರೂ ರೇಗಿದರು.

"ಕದಿಯಾಕೆ ಎಲ್ಲೈತೆ ಬೆಳ್ಳಿ? ಅವಳ ಕಾಲುಂಗುರ ಅವಳ ಕಾಲಾಗೇ ಅದಾವೆ, ಬಿಳಿಚೋಡಾಗೆ."

ಆಮೇಲೆ ಒಂದೊಂದೇ ಹೊರಬಂತು. ಮಕ್ಕಳಾಗಲಿಲ್ಲವೆಂದು ನಿನ್ನನ್ನು ಬಿಳಿಚೋಡಿನ ತವರಿಗೆ ಅಟ್ಟಿದ್ದು. ಬದುಕಿರುವ ಸವತಿಯ ಮೇಲೆ ನಮ್ಮಪ್ಪ ಹೆಣ್ಣು ಕೊಡುವುದಿಲ್ಲವೆಂದು ಬಾಯಲ್ಲೇ ನಿನ್ನನ್ನು ಸಾಯಿಸಿದ್ದು. ಊರಿಗೆಲ್ಲ ಗೊತ್ತಿತ್ತಂತೆ, ಚನ್ನಗಿರಿಯಿಂದ ಬಂದ ನನ್ನೊಬ್ಬಳನ್ನು ಬಿಟ್ಟು. ನಿನ್ನ ಗಂಡನನ್ನು ಕೇಳಿದರೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಉಂಡು ಉಟ್ಟು ಚೆನ್ನಾಗೇ ಅದೀಯಲ್ಲ, ಈಗ್ಯಾಕೆ ಅದೆಲ್ಲ?" ಅಂದರು.

ಹೊಟ್ಟೆ ಉರಿಯುತ್ತದೆ, ಅಕ್ಕ. ಬಿಲ್ಲೆಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಕುಟ್ಟಿ ಹಾಕು, ಕೆರೆಗೆ ಎಸೆ, ನಿನ್ನಿಷ್ಟ. ಮುತ್ತೈದೆಯಾಗಿ ಬಾಳೆಂದು ಮಾತ್ರ ನನ್ನನ್ನು ಹರಸಬೇಡ. ನೀನು ನೂರು ವರ್ಷ ಬದುಕು. ಇವರ ಕಣ್ಣೆದುರಿಗೇ ಬದುಕು.

ನಿನ್ನ ತಂಗಿ,
ಅನ್ನಪೂರ್ಣ

ತಾ.ಕ.: ಪೊಟ್ಟಣದಲ್ಲಿ ಒಂದು ಹಸಿರು ಸೀರೆಯೂ ಇದೆ. ನನಗೊಬ್ಬಳು ಮಗಳಿದ್ದಳು, ರೂಪಶ್ರೀ. ಎರಡು ವರ್ಷದವಳಿಗೆ ಜ್ವರ ಏರಿದಾಗ ಶಿವಮೊಗ್ಗಕ್ಕೆ ಒಯ್ಯಲು ಎತ್ತಿಕೊಂಡು ಹೊರಟಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಇದು ಮೊದಲಿನವಳ ಕಾಟ, ಸೀರೆ ಇಟ್ಟು ಬೇಡಿಕೋ, ಬಿಡುತ್ತಾಳೆ ಎಂದರು. ನೀನು ಬದುಕಿರುವುದು ಗೊತ್ತಿದ್ದೂ ಹಾಗೆಂದರು. ಈ ಸೀರೆಯನ್ನೇ ಇಟ್ಟು ನಿನ್ನನ್ನು ಬೇಡಿಕೊಂಡೆ. ಬೆಳಗಾಗುವಷ್ಟರಲ್ಲಿ ಕೂಸು ಹೋಯಿತು.

ಮಕ್ಕಳಿಲ್ಲದೆ ಹೋದವಳು, ಆಸೆಪಟ್ಟು ಕರೆದುಕೊಂಡಿದ್ದೀಯ, ಚೆನ್ನಾಗಿ ನೋಡಿಕೊಳ್ಳುತ್ತೀಯ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಮಲಗುವ ಮುಂಚೆ ದಿನಾ ನಿನ್ನ ಮುಖ ಹಿಡಿದು, ಕೂಸು ಉಂಡಿತಾ ಎಂದು ಕೇಳುತ್ತಿದ್ದೆ. ನೀನು ನೋಡಿದರೆ ಬಿಳಿಚೋಡಿನಲ್ಲಿದ್ದೀಯ. ಹಾಗಾದರೆ ನನ್ನ ಮಗಳು ಯಾರ ಹತ್ತಿರ ಇದ್ದಾಳೆ, ಅಕ್ಕ?