ಪುಟ್ಟನ ತೊಡೆಯ ಹೂವು

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ತಂಗಿಗೆ ಅಕ್ಕನ ಮನತುಂಬಿದ ಪ್ರೀತಿ.

ನಿನ್ನ ಕಾಗದ ಬಂತು. ಬರೆಯಲು ಅಕ್ಕನಿಗೆ ಸೋಮಾರಿತನ ಎಂದು ಬೈದಿದ್ದೀಯ. ಸೋಮಾರಿತನವಲ್ಲ ಮಾರಾಯ್ತಿ, ಹೊಲಿಗೆ!

ಮೊಮ್ಮಗ ಪುಟ್ಟ ಚೆನ್ನಾಗಿದ್ದಾನೆ. ಕಾಲಿನ ಶಕ್ತಿ ಇಳಿದಷ್ಟೂ ನಾಲಗೆಯದು ಏರುತ್ತಿದೆ. ಗಾಲಿಕುರ್ಚಿಯಲ್ಲಿ ಕೂತು ನನ್ನ ಅಂಗಡಿಯ ಬಾಗಿಲಲ್ಲೇ ದರ್ಬಾರು. ಅವನ ಕಾಯಿಲೆ ಎಷ್ಟು ಅಪರೂಪವೆಂದರೆ ಔಷಧಿ ಕಂಪನಿಗಳಿಗೆ ಅದರಲ್ಲಿ ಲಾಭ ಕಾಣುವುದಿಲ್ಲ. ಒಂದು ಸಣ್ಣ ಪ್ರಯೋಗಾಲಯ ಮಾತ್ರ ಮದ್ದು ಹುಡುಕುತ್ತಿತ್ತು. ಹಣವಿಲ್ಲದೆ ಅದೂ ಮುಚ್ಚುವುದರಲ್ಲಿತ್ತು. ಇಂಥ ಮಕ್ಕಳ ಮನೆಯವರೆಲ್ಲ ಸೇರಿ, ನಾವೇ ನಡೆಸೋಣ ಎಂದು ಹೊರಟೆವು. ನನಗೆ ಬರುವುದು ಹೊಲಿಗೆಯೊಂದೇ. ಮಾರಿ ಹಣ ಕೂಡಿಸಲೆಂದು ಉಳಿದ ಬಟ್ಟೆಯ ತುಂಡುಗಳಲ್ಲಿ ಚೀಲ ಹೊಲಿದೆ.

ಪ್ರಯೋಗಾಲಯದ ಹುಡುಗಿ ಒಂದು ಚಿತ್ರ ಬಿಟ್ಟುಹೋಗಿದ್ದಳು. ಗುಲಾಬಿ ಎಸಳು, ಅಂಚಿಗೆ ನೇರಳೆ ಚುಕ್ಕಿ. ಕಸೂತಿಗೆ ಮಾದರಿ ಕೊಟ್ಟಿದ್ದಾಳೆಂದು ಎಲ್ಲ ಚೀಲಕ್ಕೂ ಅದನ್ನೇ ಹಾಕಿಬಿಟ್ಟೆ. ಅವಳು ಬಂದು ನೋಡಿ, ಅಯ್ಯೋ ಅಜ್ಜಿ, ಇದು ಹೂವಲ್ಲ, ಪುಟ್ಟನ ತೊಡೆಯಿಂದ ತೆಗೆದ ಮಾಂಸದ ಚೂರು, ಸೂಕ್ಷ್ಮದರ್ಶಕದಲ್ಲಿ ಹೀಗೆ ಕಾಣುತ್ತೆ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಚ್ಚೋಣವೆಂದು ಕತ್ತರಿ ತೆಗೆದರೆ ಇವನು ಬಿಡಬೇಕಲ್ಲ! ಅವತ್ತಿನಿಂದ ಬಂದವರಿಗೆಲ್ಲ, ಇದು ನನ್ನ ತೊಡೆ ಕಣ್ರೀ, ಭಾರದ ಸಾಮಾನು ತುಂಬಬೇಡಿ, ನೋಯುತ್ತೆ ಅಂತ ಹೇಳಿಯೇ ಮಾರುತ್ತಾನೆ. ಒಂದು ಕೊಳ್ಳಲು ಬಂದವರು ನಗುತ್ತಾ ಮೂರು ಒಯ್ಯುತ್ತಾರೆ.

ಪ್ರಯೋಗಾಲಯ ಮುಚ್ಚಲಿಲ್ಲ. ಕಳೆದ ವಾರ ಅದೇ ಹುಡುಗಿ ಬಂದು, ಮದ್ದನ್ನು ಮಕ್ಕಳಿಗೆ ಕೊಟ್ಟು ನೋಡುವ ಹಂತ ಬಂದಿದೆ ಎಂದಳು. ನನ್ನ ಮಗಳು ಅವಳ ಎರಡೂ ಕೈ ಹಿಡಿದುಕೊಂಡಳು. ಹುಡುಗಿ ತಲೆ ತಗ್ಗಿಸಿ, ಮೊದಲು ಎರಡು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಅಕ್ಕಾ, ಸ್ನಾಯು ಸವೆದ ಮೇಲೆ ಇದು ಕೆಲಸ ಮಾಡೋದು ಅನುಮಾನ ಅಂದಳು. ಇವನಿಗೆ ಒಂಬತ್ತು. ಮಗಳು ಕೈ ಬಿಟ್ಟಳು. ಆ ದಿನ ಅಂಗಡಿ ತೆರೆಯಲಿಲ್ಲ. ಇನ್ನು ಯಾರಿಗೋಸ್ಕರ ಹೊಲಿಯೋದಮ್ಮಾ ಅಂತ ಕೇಳಿದಳು.

ಮರುದಿನ ಇವನೇ ನಮ್ಮಿಬ್ಬರನ್ನೂ ಗದರಿಸಿದ. ಅಲ್ಲಮ್ಮಾ, ಆ ಕೂಸುಗಳಿಗೆ ಚೀಲ ಮಾರೋಕೆ ಬರುತ್ತಾ? ನನಗೆ ಬರುತ್ತೆ, ಬಾಗಿಲು ತೆಗಿ ಅಂದ. ಮಗಳು ಅತ್ತಳೋ ನಕ್ಕಳೋ, ಅಂತೂ ಮಷಿನ್ನಿನ ಮುಂದೆ ಕೂತಳು. ಮೂವರೂ ಮತ್ತೆ ಕೆಲಸದಲ್ಲಿದ್ದೇವೆ. ಮನಸ್ಸು ತಿಳಿಯಾಗಿದೆ.

ನಿನ್ನ
ಅಕ್ಕ

ಮತ್ತೊಂದು ಮಾತು: ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ಈ ಕಾಯಿಲೆ ತಾಯಂದಿರ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದಂತೆ. ನನ್ನ ರಕ್ತದಲ್ಲಿ ಸಿಕ್ಕಿದೆ, ನಿನ್ನಲ್ಲೂ ಇರಬಹುದು. ನಿನ್ನ ಮಗಳು ಬಸುರಿಯೆಂದು ಓದಿದಾಗಿನಿಂದ ಇದನ್ನು ನಿನಗೆ ಹೇಗೆ ತಿಳಿಸಲಿ ಎಂದು ಒದ್ದಾಡುತ್ತಿದ್ದೆ. ನಿಮ್ಮಿಬ್ಬರ ರಕ್ತವನ್ನೂ ಬೇಗ ಪರೀಕ್ಷೆ ಮಾಡಿಸು. ಹೆದರಬೇಡ. ಇಂದು ನನ್ನ ಕೈಗೆ ಪೆನ್ನು ಕೊಟ್ಟವಳು ನನ್ನ ಮಗಳೇ. ಚಿಕ್ಕಮ್ಮನ ಮನೆಗೆ ಬರೋ ಕೂಸಿಗೆ ಇನ್ನೂ ಹೊತ್ತು ಮೀರಿಲ್ಲಮ್ಮಾ, ಬರಿ ಅಂದಳು.