ಕೈಯಲ್ಲೇ ಉಳಿದ ಬೆಲ್ಲ

ಮಾತಲೆ, ಶ್ರೀಲಂಕಾ
೧೨-೨-೨೦೦೪

ಅಡ್ಡಗದ್ದೆಯ ಭಾವನವರಿಗೆ ಸುಮಿತ್ರೆಯ ನಮಸ್ಕಾರ.

"ಅಲ್ಲಿ ಹೋಗಿ ಜಗಳ ಮಾಡ್ಬೇಡ ಮಾರಾಯ್ತಿ" ಎಂದಿದ್ದಿರಿ. ಮಾಡಿದೆ.

ಕೊಪ್ಪದ ಬೆಳೆಗಾರರ ಸಂಘದವರು ಇವತ್ತು ನಮ್ಮನ್ನು ಇಲ್ಲಿಯ ಒಂದು ಕಾಳುಮೆಣಸಿನ ತೋಟಕ್ಕೆ ಕರೆತಂದರು. ತೋಟದ ಯಜಮಾನಿ ಮಾತಿಗೆ ಮೊದಲೇ ಕರಿ ಚಹಾದ ಜೊತೆ ಬೆಲ್ಲದ ತುಂಡು ಕೊಟ್ಟಳು, ಥೇಟ್ ನಮ್ಮ ಮನೆಯ ಹಾಗೆ! ಬೆಲ್ಲ ತಿಂದ ಮನೆಯಲ್ಲಿ ಜಗಳ ಆಡಬಾರದಲ್ಲ, ಅದಕ್ಕೇ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದೆ: "ಎರಡು ದೇಶದವ್ರು ಸುಂಕ ಇಲ್ದೆ ಮಾರೋ ಒಪ್ಪಂದ ಮಾಡ್ಕೊಂಡ್ರು. ನಿಮ್ಮ ಮೆಣಸು ಬಂತು, ನಮ್ಮದನ್ನ ಕೇಳೋರೇ ಇಲ್ಲ."

ನನ್ನ ಮಾತನ್ನು ಅವಳಿಗೆ ತಮಿಳಿನಲ್ಲಿ ತಿಳಿಸುತ್ತಿದ್ದ ನಮ್ಮ ಶೇಷಪ್ಪ ಅದನ್ನು ಮೆತ್ತಗೆ ಮಾಡಲು ನೋಡಿದ. "ನಾ ಹೇಳಿದ ಹಾಗೇ ಹೇಳು ಮಾರಾಯ" ಎಂದೆ.

ಅವಳು ಎಲ್ಲ ಕೇಳಿಸಿಕೊಂಡು, "ನಿಮ್ಮ ಈರುಳ್ಳಿ ಬಂದು ನನ್ನ ತಮ್ಮ ಬೇಸಾಯವನ್ನೇ ಬಿಟ್ಟ. ನಾನು ಯಾರಿಗೆ ಬೈಯಲಿ?" ಎಂದು ಕೇಳಿದಳು. ನೋಡಿದರೆ ಅವಳ ಬೆಲ್ಲವೂ ಕೈಯಲ್ಲೇ ಇತ್ತು. ಇಬ್ಬರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡೆವು.

ಮಂಡಿನೋವು ಪರವಾಗಿಲ್ಲ, ತಂದ ಎಣ್ಣೆ ಮಾತ್ರ ಮುಗಿಯಿತು. ಕಾರ್ಡಿನಲ್ಲಿ ಜಾಗವೂ ಮುಗಿಯಿತು. ಆ ಒಪ್ಪಂದಕ್ಕೆ ಸಹಿ ಹಾಕಿದವರ ಕಡೆಯವರು ಓಟು ಕೇಳಲು ಬಂದರೆ, ನಾನು ಬರುವವರೆಗೆ ಬೆಲ್ಲ ಕೊಡಬೇಡಿ.

ಸುಮಿತ್ರೆ